ಪೇಪರಿನಲ್ಲಿ ಬಂದದ್ದಷ್ಟೇ

ತಾಯ್ಚುಂಗ್ ನಗರದ ಬಿಸಿನೆಸ್ ಕಾಲೇಜಿನ ಮೇಷ್ಟ್ರು ಯೂ ಪೈಹಾನ್‌ಗೆ ಕಷ್ಟ ಗಂಟುಬಿದ್ದದ್ದು ಒಂದು ಕಿಟಕಿಯಿಂದ.

ಅವನ ಕೆಲಸ ಕಾಯಂ ಆಗಬೇಕಾದರೆ ಯಾವುದಾದರೂ ಕಂಪನಿಯ ಕತೆಯನ್ನು ತರಗತಿಯಲ್ಲಿ ಚರ್ಚಿಸುವ ಪಾಠದ ಕೇಸಾಗಿ ಬರೆದು ಮುಖ್ಯಸ್ಥೆ ವೆನ್ ಅವರನ್ನು ಒಪ್ಪಿಸಬೇಕಿತ್ತು. ಕಂಪನಿಯವರನ್ನು ಮಾತಾಡಿಸಿ ಬರೆದರೆ ಅವರ ಒಪ್ಪಿಗೆ ಬೇಕು. ಪೇಪರಿನಲ್ಲಿ ಬಂದದ್ದನ್ನಷ್ಟೇ ಹೆಕ್ಕಿ ಬರೆದರೆ ಯಾರ ಹಂಗೂ ಇಲ್ಲ. ನಾಚಿಕೆಯ ಪೈಹಾನ್‌ಗೆ ಇದೇ ಹಿತವಾಯಿತು. ಬಿಸಿಲಿಗಿಟ್ಟ ಮಣ್ಣಿನ ಜಾಡಿಗಳಲ್ಲಿ ಸೋಯಾ ಸಾಸ್ ಮಾಡುವ ಚುವಾಂಗಮ್ಮ ಪದೇ ಪದೇ ಪೇಪರಿನಲ್ಲಿ ಬರುತ್ತಿದ್ದರು; ಫೋಟೋ ಮಾತ್ರ ಯಾವಾಗಲೂ ಜಾಡಿಗಳದ್ದೇ. ಅವರು ಜಾಡಿ ಉಳಿಸಿಕೊಳ್ಳಬೇಕೋ, ಯಂತ್ರ ತರಬೇಕೋ? ಕೇಸು ಸಿದ್ಧವಾಯಿತು.

ಪಕ್ಕದ ಮೇಜಿನ ಲಿಯಾವ್ ಮೇಷ್ಟ್ರು ಕೇಳದೆಯೇ ಓದಿದರು. "ಏನಯ್ಯಾ ಇದು, ಉಪ್ಪಿಲ್ಲ ಖಾರ ಇಲ್ಲ! ಕೇಸು ಅಂದ್ಮೇಲೆ ಕಂಪನಿ ಯಜಮಾನ್ರು ಚಿಂತೆ ಮಾಡ್ತಾ ಕಿಟಕಿ ಹತ್ರ ನಿಂತ್ಕೋಬೇಕಪ್ಪ."

ಹಿರಿಯರ ಮಾತು ಮೀರಲಾರದೆ ಪೈಹಾನ್ ಒಂದು ಸಾಲು ಸೇರಿಸಿದ: ಚುವಾಂಗಮ್ಮ ಕಿಟಕಿಯಾಚೆ ನೋಡುತ್ತಾ ನಿಟ್ಟುಸಿರಿಟ್ಟರು.

ಶನಿವಾರದ ತರಗತಿ. ಕೇಸು ಹೇಗಿದೆಯೆಂದು ನೋಡಲು ವೆನ್ ಕೂಡ ಬಂದು ಕೂತಿದ್ದರು. ವಾರವೆಲ್ಲ ಆಫೀಸು ಆಳುವ ವಿದ್ಯಾರ್ಥಿಗಳು ಬೋಬಾ ಚಹಾ ಹೀರುತ್ತ ಚರ್ಚೆಗಿಳಿದರು. ಹಿಂದಿನ ಸಾಲಿನಲ್ಲಿ ಲಿಯಾವ್ ಪಕ್ಕ ಒಬ್ಬ ಅಜ್ಜಿ ಡಬ್ಬಿ ಹಿಡಿದು ಕೂತಿದ್ದರು. ಅವರ ತಾಯಿಯಿರಬೇಕು ಎಂದುಕೊಂಡ ಪೈಹಾನ್.

"ಈ ಮುದುಕಿಗೆ ಬುದ್ಧಿನೇ ಇಲ್ಲ!" ಎಂದ ಒಬ್ಬ.

"ಅಂಗಡಿ ಗುಟ್ಟೆಲ್ಲ ಪೇಪರಿನೋರಿಗೆ ಊದಿದ್ದಾಳೆ," ಎಂದಳು ಇನ್ನೊಬ್ಬಳು. "ಮೊದ್ಲು ಬಾಯಿ ಮುಚ್ಕೊಂಡಿರೋದು ಕಲೀಲಿ."

ಅಜ್ಜಿ ಎದ್ದು ನಿಂತರು. "ನಮ್ಮಂಗಡಿಗೆ ಕಿಟಕಿನೇ ಇಲ್ವಲ್ಲ ಮೇಷ್ಟ್ರೇ?"

ಲಿಯಾವ್ ಚಪ್ಪಾಳೆ ತಟ್ಟಿದರು. "ಚುವಾಂಗಮ್ಮನೋರು! ನಾನೇ ಕರ್ಕೊಂಡ್ಬಂದೆ. ಹೆಂಗೆ?"

ಪೈಹಾನ್‌ಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆದರೆ ಚುವಾಂಗಮ್ಮ ನಡುಬಗ್ಗಿಸಿ ನಮಸ್ಕರಿಸಿದರು.

"ನಿಟ್ಟುಸಿರು ಮಾತ್ರ ನಿಜ ಕಣಪ್ಪ. ನಮ್ಮ ಯಜಮಾನ್ರು ಹೋದ್ಮೇಲೆ ನನ್ನ ಚಿಂತೆಗೆ ಇಷ್ಟು ಜನ ಕೂತು ತಲೆ ಕೆಡಿಸ್ಕೊಂಡಿದ್ದು ಇದೇ ಮೊದ್ಲು. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರ್ಲಿ."

ಡಬ್ಬಿ ತೆರೆದು, ಸೋಯಾದಲ್ಲಿ ಬೇಯಿಸಿದ ಮೊಟ್ಟೆಗಳನ್ನು ಎಲ್ಲರಿಗೂ ಹಂಚಿದರು. ಮುದುಕಿ ಎಂದವನು ತಲೆತಗ್ಗಿಸಿ ತಿಂದ, ಎರಡನೆಯದನ್ನೂ ಕೇಳಿದ.

ವೆನ್ ಕಣ್ಣೊರೆಸಿಕೊಂಡರು. "ಚೆನ್ನಾಗಿದೆ ಯೂ. ಕಿಟಕಿ ತೆಗೀರಿ, ಅದೆಲ್ಲೂ ಅಚ್ಚಾಗಿಲ್ಲ. ಇವರು ಕೊನೆಗೆ ಏನು ಮಾಡಿದ್ರು ಅನ್ನೋ ಎರಡನೇ ಭಾಗ ಬರೀರಿ, ಕೆಲಸ ಕಾಯಂ. ಆದ್ರೆ ಪೇಪರಿನಲ್ಲಿ ಬಂದದ್ದಷ್ಟೇ!"

ಪೈಹಾನ್‌ಗೆ ಹೋದ ಜೀವ ಬಂದಂತಾಯಿತು. ಚುವಾಂಗಮ್ಮ ಪೇಪರಿನಲ್ಲಿ ಬರದ ವಾರವಿತ್ತೇ?

ಹೊರಡುವಾಗ ಅವರು ಅವನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಋಣ ಹೇಗೆ ತೀರಿಸ್ಲಿ ಮೇಷ್ಟ್ರೇ? ನನ್ನ ಕಣ್ಣು ತೆರೆಸಿದ್ರಿ. ಇನ್ಮೇಲೆ ಪೇಪರಿನೋರ ಹತ್ರ ತುಟಿ ಬಿಚ್ಚಲ್ಲ. ಈಗ್ತಾನೆ ಎಲ್ರಿಗೂ ಫೋನ್ ಮಾಡಿ ಹೇಳ್ಬಿಟ್ಟೆ."

"ಅಮ್ಮಾ... ಆ ಜಾಡಿ ವಿಷಯ?"

"ತೀರ್ಮಾನ ಮಾಡಾಯ್ತು! ನಿಮಗೆ ಹೇಳ್ದೆ ಇರ್ತೀನಾ? ವಾರವಾರ ಊಟಕ್ಕೆ ಬನ್ನಿ, ಒಂದೂ ಬಿಡದೆ ಹೇಳ್ತೀನಿ. ಎಲ್ಲೂ ಬರೀಬೇಡಿ, ಅಷ್ಟೇ." ಉಳಿದ ಮೊಟ್ಟೆಗಳ ಡಬ್ಬಿಯನ್ನು ಅವನ ಕೈಗಿಟ್ಟು, ಮತ್ತೊಮ್ಮೆ ಬಗ್ಗಿ ನಮಸ್ಕರಿಸಿ ಹೋದರು.

ಪೈಹಾನ್ ಒಂದು ಮೊಟ್ಟೆ ಬಾಯಿಗಿಟ್ಟುಕೊಂಡ. ಅಂಥ ರುಚಿ ಅವನು ಕಂಡಿರಲಿಲ್ಲ. ತರಗತಿಯ ಕಿಟಕಿಯಾಚೆ ನೋಡುತ್ತಾ ನಿಟ್ಟುಸಿರಿಟ್ಟ.