ಎರಡನೆಯ ಸೀಸೆ

ಬೀಜಾಡಿಯ ಮಹಾಲಿಂಗನ ಮನೆಯಿಂದ ಸಮುದ್ರಕ್ಕೆ ಇನ್ನೂರು ಹೆಜ್ಜೆ. ಆದರೂ ಅವನು ಫಿಲ್ಟರಿನಲ್ಲಿ ಸೋಸಿದ ನೀರಿಗೆ ಪ್ಯಾಕೆಟ್ಟಿನ ಉಪ್ಪು ಬೆರೆಸಿ, ಗಾಜಿನ ತೊಟ್ಟಿಯೊಳಗೆ ಇನ್ನೊಂದು ಸಮುದ್ರ ಕಟ್ಟಿಕೊಂಡಿದ್ದ. (ಹೊರಗಿನ ಸಮುದ್ರ ಕೊಳಕು ಎಂಬುದು ಅವನ ಅಭಿಪ್ರಾಯ. ಸಮುದ್ರದ ಅಭಿಪ್ರಾಯವನ್ನು ಯಾರೂ ಕೇಳಿಲ್ಲ.)

ಎರಡು ವರ್ಷದ ಹಿಂದೆ ಅವನು, "ನಾಳೆ ಮನಿಗೆ ಹವಳ ತತ್ತೆ" ಎಂದಾಗ ಹೆಂಡತಿ ತುಂಗಾ ಕನ್ನಡಿಯ ಮುಂದೆ ನಿಂತು ಕೊರಳು ಸವರಿಕೊಂಡಿದ್ದಳು. ಬಂದದ್ದು ಹವಳದ ಸರವಲ್ಲ. ಸಾಕಿ ಬೆಳೆಸಿದ, ಕಾಗದಪತ್ರ ಸಮೇತ ಬಂದ ಜೀವಂತ ಹವಳ. ದೀಪ ಹಾಕಿದರೆ ನೇರಳೆ ಬಣ್ಣದ ನೂರು ಬೆರಳು ಬಿಚ್ಚಿ ತೂಗಾಡುವಂಥದು. ತುಂಗಾ ಒಂದು ವಾರ ಗಂಡನೊಡನೆ ಮಾತು ಬಿಟ್ಟಳು. ಎಂಟನೇ ದಿನ ಸ್ಟೂಲ್ ಎಳೆದುಕೊಂಡು ಹವಳದ ಮುಂದೆಯೇ ಚಾ ಕುಡಿಯತೊಡಗಿದಳು.

ಈಗ ಆ ಹವಳ ಹದಿನೈದು ದಿನದಿಂದ ಬೆರಳು ಮಡಚಿ ಮುದುಡಿ ಕುಳಿತಿತ್ತು.

"ಎಲ್ಲ ನಿನ್ನ ಫಿನಾಯಿಲ್ ವಾಸನಿಗೇ ಆದ್ದ್," ಎಂದ ಮಹಾಲಿಂಗ. "ಅಲ್ದಿರೆ ಆ ಬಂಗ್ಡಿ ಮೀನ್ ಹುರ್ದ್ ಹೊಗಿ."

"ಬಂಗ್ಡಿ ತಿಂಬತಿಗೆ ಹವಳದ್ ನೆನಪಿರ್ಲಿಲ್ಯಾ ನಿಮ್ಗೆ?"

ಸಂಸಾರದ ಈ ವಾದ ವಿಜ್ಞಾನದ ನ್ಯಾಯಾಲಯದಲ್ಲೇ ತೀರ್ಮಾನವಾಗಲಿ ಎಂದು ಮಹಾಲಿಂಗ ನಿಶ್ಚಯಿಸಿದ. ತೊಟ್ಟಿಯ ನೀರನ್ನು ಸೀಸೆಯಲ್ಲಿ ತುಂಬಿ ಕಳಿಸಿದರೆ, ಅದರಲ್ಲಿ ಯಾವ ಲೋಹ, ಯಾವ ಲವಣ ಎಷ್ಟು ಸೂಜಿಮೊನೆಯಷ್ಟಿದೆ ಎಂದು ಹೇಳುವ ಪ್ರಯೋಗಾಲಯಗಳಿದ್ದವು. ತೊಂದರೆಯೆಂದರೆ, ಅವು ಒಂದಲ್ಲ, ಮೂರಿದ್ದವು. ಮೊದಲನೆಯದು ಮೂವತ್ತೆರಡು ಧಾತು ನೋಡುತ್ತಿತ್ತು. ಎರಡನೆಯದು ನಲವತ್ತೆಂಟು. ಮೂರನೆಯದು ನೋಡುತ್ತಿದ್ದದ್ದು ಮೂವತ್ತೈದೇ ಆದರೂ ಎರಡು ಸೀಸೆ ಕೊಡುತ್ತಿತ್ತು: ಒಂದು ತೊಟ್ಟಿಯ ನೀರಿಗೆ, ಇನ್ನೊಂದು ಆವಿಯಾದಷ್ಟನ್ನು ತುಂಬಲು ದಿನಾ ಹೊಯ್ಯುವ ಸಿಹಿನೀರಿಗೆ.

ತಲ್ಲೂರಿನಲ್ಲಿ ಕನ್ನಡಕದ ಅಂಗಡಿಯಿಟ್ಟು, "ಇದ್ರಂಗೆ ಚಂದ ಕಾಣತ್ತಾ, ಅದ್ರಂಗಾ?" ಎಂದು ದಿನವಿಡೀ ಜನರಿಂದ ಆಯ್ಕೆ ಮಾಡಿಸುವ ಮಹಾಲಿಂಗ, ತನ್ನ ಸರದಿ ಬಂದಾಗ ಹನ್ನೊಂದು ದಿನ ಫೋನ್ ಉಜ್ಜಿದ. ಜರ್ಮನಿಯವನೊಬ್ಬನ ವಿಡಿಯೋ ಕಂಡ, ಕೊರಿಯಾದವನೊಬ್ಬನಿಗೆ ಪತ್ರ ಬರೆದ. ಕುಂದಾಪುರದ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ರಕ್ತಪರೀಕ್ಷೆ ಮಾಡುತ್ತಿರುವ ಸ್ವಂತ ಹೆಂಡತಿಯನ್ನು ಮಾತ್ರ ಕೇಳಲಿಲ್ಲ.

ಹನ್ನೆರಡನೇ ದಿನ ಅವಳೇ ಫೋನಿನೊಳಗೆ ಇಣುಕಿದಳು.

"ನಲವತ್ತೆಂಟ್ರದ್ದೇ ಮಾಡ್ಸುದ್," ಎಂದ ಮಹಾಲಿಂಗ. "ಬಂಗಾರ, ಬೆಳ್ಳಿ ಎಲ್ಲ ಇತ್ತಾ ಇಲ್ಯಾ ಅಂತೂ ಹೇಳ್ತ್ರ್."

"ತೊಟ್ಟಿಯಂಗೆ ಬಂಗಾರ ಸಿಕ್ಕಿರೆ ಮೊದ್ಲ್ ನಂಗ್ ಹೇಳಿ. ಹ್ವಾಯ್, ಎರಡ್ ಸೀಸೆದ್ದ್ ತರ್ಸಿ. ರೋಗ ಇಪ್ಪುದ್ ಎಲ್ಲಿ ಅಂತ ಒಂದ್ರಂಗೆ ಗೊತ್ತಾತ್ತ್, ಬಂದದ್ ಎಲ್ಲಿಂದ ಅಂತ ಇನ್ನೊಂದ್ರಂಗೆ."

"ರಕ್ತ ತೆಗುವರಿಗೆ ಹವಳದ್ದ್ ಎಂತ ಗೊತ್ತಿತ್ತ್?"

ತುಂಗಾ ಅವನ ಕೈಯಿಂದ ಫೋನ್ ತೆಗೆದುಕೊಂಡು ಎರಡು ಸೀಸೆಯದನ್ನೇ ಒತ್ತಿಬಿಟ್ಟಳು.

ಸೀಸೆಗಳು ಬಂದವು. ತುಂಗಾ ಒಂದನ್ನು ತೊಳೆದು ತೊಟ್ಟಿಯ ನೀರು ತುಂಬಿಸಿದಳು. "ಸಿಹಿನೀರ್ ಎಲ್ಲಿತ್ತ್?"

ಮಹಾಲಿಂಗ ಹೆಮ್ಮೆಯಿಂದ ಮೂಲೆ ತೋರಿಸಿದ. ಅಲ್ಲಿ ತಳತಳ ಹೊಳೆಯುವ ತಾಮ್ರದ ಕೊಡಪಾನ. "ಎರಡ್ ತಿಂಗಳಿಂದ ಅದ್ರಂಗೇ ತುಂಬ್ಸಿಡುದ್. ಆರೋಗ್ಯಕ್ಕೆ ಒಳ್ಳೇದ್."

ತುಂಗಾ ಕೊಡಪಾನವನ್ನು ಕಂಡಳು, ಗಂಡನನ್ನು ಕಂಡಳು, ಎರಡನೆಯ ಸೀಸೆಗೆ ಆ ನೀರನ್ನೇ ತುಂಬಿಸಿ ಚೀಟಿ ಅಂಟಿಸಿದಳು.

ಎರಡು ವಾರದ ಮೇಲೆ ವರದಿ ಬಂತು. ತೊಟ್ಟಿಯ ನೀರಿನ ಪಟ್ಟಿಯಲ್ಲಿ ಉಳಿದೆಲ್ಲದಕ್ಕೂ ಹಸಿರು ಗುರುತು, ತಾಮ್ರಕ್ಕೆ ಮಾತ್ರ ಕೆಂಪು. ಹವಳಕ್ಕೆ ತಾಮ್ರವೆಂದರೆ ವಿಷ.

"ಕಂಡ್ಯಾ!" ಮಹಾಲಿಂಗ ಕುರ್ಚಿಯಿಂದ ಎದ್ದೇಬಿಟ್ಟ. "ನಿನ್ನ ಫಿನಾಯಿಲಂಗೆ ತಾಮ್ರ ಇತ್ತ್!"

"ಕೆಳಗೆ ಕಾಣಿ. ಎರಡ್ನೇ ಸೀಸೆದ್ದ್."

ಕೆಳಗೆ ಇನ್ನೂ ದೊಡ್ಡ ಕೆಂಪು. ಮಹಾಲಿಂಗ ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಕೊನೆಗೆ, ಕೊಡಪಾನದ ಕಡೆ ನೋಡುವ ಧೈರ್ಯವಿಲ್ಲದೆ, "ಪಾಪದ್ದ್, ದಿನಾ ನಾನೇ ಹೊಯ್ದೆ ಅಲ್ದಾ?" ಎಂದ. ಅವನ ದನಿ ಕೇಳಿ, ನಗಲು ತಯಾರಾಗಿದ್ದ ತುಂಗಾಳಿಗೆ ನಗು ಬರಲಿಲ್ಲ.

"ಇನ್ನೂ ಸಾಯ್ಲಿಲ್ಲ ಕಾಣಿ, ಬಣ್ಣ ಇತ್ತ್. ಹೋಯಿ ಪ್ಲಾಸ್ಟಿಕ್ ಕ್ಯಾನ್ ತನ್ನಿ."

ಮೂರು ವಾರ ಇಬ್ಬರೂ ಸೇರಿ ಸ್ವಲ್ಪ ಸ್ವಲ್ಪವೇ ನೀರು ಬದಲಿಸಿದರು, ತಾಮ್ರ ಹೀರಲೆಂದು ಇದ್ದಿಲಿನ ಚೀಲ ಇಳಿಬಿಟ್ಟರು. ಒಂದು ಭಾನುವಾರ ಬೆಳಿಗ್ಗೆ ತುಂಗಾ ಅಡುಗೆಮನೆಗೂ ಕೇಳುವಂತೆ, "ಹ್ವಾಯ್, ಬನ್ನಿ ಇಲ್ಲ್!" ಎಂದು ಕೂಗಿದಳು. ಮಹಾಲಿಂಗ ದೋಸೆಯ ಸಟ್ಟುಗದೊಂದಿಗೇ ಓಡಿ ಬಂದ. ನೇರಳೆ ಬೆರಳೊಂದು ಬಿಚ್ಚಿತ್ತು. ನೋಡುತ್ತಿದ್ದಂತೆ ಇನ್ನೊಂದು. ದೋಸೆ ಕರಟಿದ ವಾಸನೆ ಇಬ್ಬರಿಗೂ ತಿಳಿಯಲಿಲ್ಲ.

"ತುಂಗಾ," ಮಹಾಲಿಂಗನ ಕಣ್ಣು ತುಂಬಿತ್ತು, "ಇನ್ಮೇಲೆ ಈ ಮನಿಯಂಗೆ ಪರೀಕ್ಷೆ ಅಂದ್ರೆ ನೀನ್ ಹೇಳ್ದಾಂಗೇ."

"ಖಂಡಿತವಾ?"

"ಖಂಡಿತ!"

"ಹಂಗಾರೆ ನಾಳೆ ಖಾಲಿ ಹೊಟ್ಟಿಯಂಗೆ ಲ್ಯಾಬಿಗ್ ಬನ್ನಿ. ನಿಮ್ಗೆ ನಲವತ್ತಾರ್ ವರ್ಷ ಆಯ್ತ್, ಶುಗರ್ ಎಷ್ಟಿತ್ತ್ ಅಂತ ಒಂದ್ ದಿನ ಕಂಡದ್ದಿಲ್ಲೆ."

ಸೋಮವಾರ ಬೆಳಿಗ್ಗೆ ಲ್ಯಾಬಿನ ಕುರ್ಚಿಯಲ್ಲಿ ಮಹಾಲಿಂಗ ತೋಳು ಚಾಚಿ, ಹವಳಕ್ಕಿಂತ ಬಿಗಿಯಾಗಿ ಮುಷ್ಟಿ ಮಡಚಿ ಕುಳಿತಿದ್ದ. ತುಂಗಾ ಸೂಜಿ ಎತ್ತುತ್ತಿದ್ದಂತೆ ಅವನ ಮುಖ ಸುಣ್ಣದ ಹಾಗಾಯಿತು. ಆಗಷ್ಟೇ ರಕ್ತ ಕೊಟ್ಟು ಪಕ್ಕದಲ್ಲಿ ಕುಳಿತಿದ್ದ ಎಂಬತ್ತರ ಅಮ್ಮಣ್ಣಿಯಮ್ಮ, ಹೋದ ತಿಂಗಳು ಅವನಂಗಡಿಯಲ್ಲೇ ಮಾಡಿಸಿದ ಕನ್ನಡಕದೊಳಗಿಂದ ಅವನನ್ನು ಕನಿಕರದಿಂದ ದಿಟ್ಟಿಸಿದರು.

"ಹೆದ್ರ್ಬೇಡ ಮಗಾ," ಎಂದು ಅವನ ಬೆನ್ನು ಸವರಿದರು. "ಎಂತದೂ ಕಾಣುದ್ ಬ್ಯಾಡ. ಕಣ್ಣ್ ಮುಚ್ಕೊ."

ಊರಿಗೆಲ್ಲ ಕಣ್ಣು ಕಾಣಿಸುವ ಮಹಾಲಿಂಗ, ವಿಧೇಯನಾಗಿ ಕಣ್ಣು ಮುಚ್ಚಿಕೊಂಡ.