ಅಮ್ಮನ ಧ್ವನಿಯೂ ಕಾರಿನ ಸ್ಟೀರಿಯೋವೂ

ಯಾವುದೇ ವಸ್ತು ಕೆಟ್ಟಾಗ "ಹೋಗಲಿ ಬಿಡು" ಎನ್ನುವ ಶಕ್ತಿ ನನಗೆ ಹುಟ್ಟಿನಿಂದಲೇ ಬಂದಿಲ್ಲ. ಕೆಟ್ಟಿದೆ ಎಂದರೆ ಯಾರೋ ಕೆಡಿಸಿದ್ದಾರೆ; ಕೆಡಿಸಿದವರಿಗೆ ಒಂದು ಹೆಸರಿರುತ್ತದೆ; ಹೆಸರಿದ್ದವರು ಉತ್ತರ ಕೊಡಲೇಬೇಕು. ಇದು ನನ್ನ ಸಿದ್ಧಾಂತ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಮಾಜಶಾಸ್ತ್ರ ಓದಿದ್ದರಿಂದ ಈ ಸಿದ್ಧಾಂತಕ್ಕೆ ಅಡಿಟಿಪ್ಪಣಿಗಳು ಸೇರಿಕೊಂಡವೇ ಹೊರತು ಅದರ ತಾಪವೇನೂ ಇಳಿಯಲಿಲ್ಲ. ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯ ಬೀದಿದೀಪ ಹಗಲೆಲ್ಲ ಉರಿದು ಸಂಜೆಯಾದೊಡನೆ ಆರುತ್ತಿದ್ದ ಕಾಲದಲ್ಲಿ ಸಂಬಂಧಪಟ್ಟ ಕಚೇರಿಗೆ ಹನ್ನೊಂದು ಪತ್ರ ಬರೆದವಳು ನಾನು. ಹನ್ನೆರಡನೆಯದನ್ನು ಖುದ್ದಾಗಿ ಕೊಡಲು ಹೋದಾಗ ಅಲ್ಲಿಯ ಗುಮಾಸ್ತರು ನನ್ನನ್ನು ಕಂಡವರೇ ಊಟಕ್ಕೆಂದು ಎದ್ದು ನಡೆದರು. ಆಗ ಬೆಳಗಿನ ಹತ್ತೂವರೆ. ಎದುರು ಮನೆಯ ಆಂಟಿ ತಮ್ಮ ಮಿಕ್ಸಿ ಕೆಟ್ಟರೆ ರಿಪೇರಿಯವನಿಗಿಂತ ಮೊದಲು ನನ್ನನ್ನು ಕರೆಯುತ್ತಾರೆ. "ಸ್ವಲ್ಪ ಬಂದು ಪಕ್ಕದಲ್ಲಿ ನಿಂತ್ಕೊಳ್ಳೇ, ನೀನಿದ್ರೆ ಅವನು ನೆಟ್ಟಗೆ ಕೆಲಸ ಮಾಡ್ತಾನೆ" ಎನ್ನುತ್ತಾರೆ. ಇದನ್ನು ನಾನು ಪ್ರಶಸ್ತಿಯೆಂದೇ ಭಾವಿಸಿದ್ದೇನೆ.

ಇಂಥ ನನ್ನ ಬದುಕಿನಲ್ಲಿ ಕಾರಿನ ಸ್ಟೀರಿಯೋ ಪ್ರವೇಶಿಸಿತು. ಕಾರು ಹಳೆಯದು, ಎರಡನೇ ಕೈಯದು, ಏರಿನಲ್ಲಿ ತುಸು ನರಳುತ್ತದೆ. ಆದರೆ ಸ್ಟೀರಿಯೋ ಹೊಚ್ಚ ಹೊಸದು. ನಾಯಂಡಹಳ್ಳಿಯ ಅಂಗಡಿಯೊಂದರಲ್ಲಿ ಹೋದ ತಿಂಗಳಷ್ಟೇ ಕೂರಿಸಿದ್ದು. ಮನೆಗೆ ಬಂದ ಮೊದಲ ಶನಿವಾರ ಊಟವನ್ನೂ ಮರೆತು ಅದರ ಪರದೆಯ ಮುಂದೆ ಕುಳಿತೆ. ಧ್ವನಿಯ ಏರಿಳಿತ ಹೊಂದಿಸಲು ಅದರಲ್ಲಿ ಮೂಡಿದ್ದ ಕಡ್ಡಿಗಳಲ್ಲಿ ಒಂದೊಂದನ್ನು ಮೇಲಕ್ಕೆ ಎಳೆದಾಗಲೂ ಹಾಡಿನ ಒಂದೊಂದು ಕೋಣೆಯ ಬಾಗಿಲು ತೆರೆಯುತ್ತಿತ್ತು. ಇಲ್ಲಿ ತಬಲಾದ ಎಡಗೈ, ಇಲ್ಲಿ ಕೊಳಲಿನವರು ಉಸಿರೆಳೆದುಕೊಂಡ ಸದ್ದು, ಇಲ್ಲಿ ಗಾಯಕಿಯ ತುಟಿ ಒಂದನ್ನೊಂದು ಬಿಟ್ಟ ಸದ್ದು. ಇಷ್ಟು ವರ್ಷ ಕೇಳಿದ್ದ ಹಾಡುಗಳನ್ನು ನಾನು ಕೇಳಿಯೇ ಇರಲಿಲ್ಲವೆನ್ನಿಸಿತು. ಪರದೆಯಲ್ಲಿ ಒತ್ತಬಹುದಾದದ್ದನ್ನೆಲ್ಲ ಒತ್ತಿ, ಎಳೆಯಬಹುದಾದದ್ದನ್ನೆಲ್ಲ ಎಳೆದು, ಸಂಜೆಯ ಹೊತ್ತಿಗೆ ಧ್ವನಿಯನ್ನು ನನ್ನ ಹಣೆಯ ಮುಂದೆ ಒಂದು ಗೇಣಿನಾಚೆ ತಂದು ನಿಲ್ಲಿಸಿದೆ. ನಾಡಿನ ಸಮಸ್ತ ಇಲಾಖೆಗಳೂ ಈ ಶ್ರದ್ಧೆಯಿಂದ ದುಡಿದರೆ ಎಷ್ಟು ಚೆನ್ನ ಎಂದುಕೊಂಡು ಕಾರಿನಿಂದಿಳಿದೆ.

ಈಗ ಅಮ್ಮನ ವಿಷಯ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದ ಅಮ್ಮ ರಾಜಾಜಿನಗರದ ಒಂದು ಸುಗಮ ಸಂಗೀತದ ತರಗತಿಗೆ ಸೇರಿದ್ದಾಳೆ. ಮೂರು ವರ್ಷ ವೃಂದಗಾನದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಹಾಡಿದವಳಿಗೆ ಈ ವರ್ಷದ ಕಾರ್ಯಕ್ರಮದಲ್ಲಿ, ಕೆಂಗೇರಿ ಉಪನಗರದ ಸಭಾಂಗಣದಲ್ಲಿ, ಒಬ್ಬಳೇ ಹಾಡುವ ಅವಕಾಶ ಸಿಕ್ಕಿತು. ಅಂದಿನಿಂದ ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆಯೂ ಆ ಹಾಡಿನ ತಾಳದಲ್ಲೇ ಬೀಳುತ್ತಿತ್ತು. ಕಾರ್ಯಕ್ರಮ ಭಾನುವಾರ. ಅದಕ್ಕೆ ಮುಂಚಿನ ಬುಧವಾರ ತರಗತಿಯಲ್ಲಿ ಅಮ್ಮ ಹಾಡಿದ್ದನ್ನು ಅವಳ ಟೀಚರ್ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರು. ಅವಳನ್ನು ಕರೆತರಲು ಹೋಗಿದ್ದ ನಾನು ಕಾರ್ಡ್ ರೋಡ್ ದಾಟುವ ಮೊದಲೇ ಅದನ್ನು ಸ್ಟೀರಿಯೋದಲ್ಲಿ ಹಾಕಿದೆ. ಅಮ್ಮ ಎಂದಿನಂತೆ ಹಿಂದಿನ ಸೀಟಿನಲ್ಲಿದ್ದಳು. ಮುಂದಿನ ಸೀಟು ನನ್ನ ಪುಸ್ತಕ ಮತ್ತು ಮನವಿ ಪತ್ರಗಳಿಗೆ ಮೀಸಲು. ಮೊದಲ ಸಾಲಿಗೇ ನನ್ನ ಮೈ ನವಿರೆದ್ದಿತು. ಇದು ನಮ್ಮ ಅಮ್ಮನೇ ಎಂಬ ಸಂಭ್ರಮದಲ್ಲಿ ಸದ್ದು ಇನ್ನಷ್ಟು ಏರಿಸಿದೆ.

"ಸಾಕು, ಆಫ್ ಮಾಡೇ," ಎಂದಳು ಅಮ್ಮ.

"ಯಾಕಮ್ಮ, ಎಷ್ಟು ಚೆನ್ನಾಗಿದೆ."

"ಏನು ಚೆನ್ನಾಗಿದೆ? ಬಕೆಟ್ ಒಳಗೆ ತಲೆ ಹಾಕ್ಕೊಂಡು ಹಾಡ್ದಂಗಿದೆ. ಒಂದು ಪದ ತಿಳಿಯಲ್ಲ. ನನ್ನ ಧ್ವನಿ ಹೀಗಿದೆ ಅಂತ ಇಷ್ಟು ವರ್ಷ ನೀವ್ಯಾರೂ ಒಂದು ಮಾತು ಹೇಳ್ಲಿಲ್ವಲ್ಲ."

"ನನಗೆ ಒಂದೊಂದು ಅಕ್ಷರಾನೂ ಕೇಳ್ತಿದೆಯಮ್ಮ."

"ನೀನು ಮಗಳು ಕಣೇ. ನಿನ್ನ ಸಾಕ್ಷಿ ನಡೆಯಲ್ಲ."

ಮನೆ ತಲುಪುವಷ್ಟರಲ್ಲಿ ಅವಳು ನಿರ್ಧರಿಸಿಬಿಟ್ಟಿದ್ದಳು. ಶುಕ್ರವಾರ ತರಗತಿಗೆ ಹೋಗಿ ಆ ಹಾಡನ್ನು ಬೇರೆಯವರಿಗೆ ಕೊಡಿ ಎಂದು ಹೇಳುವುದು. ತಾನು ಮೊದಲಿನಂತೆ ವೃಂದದಲ್ಲಿ ಹಿಂದೆ ನಿಲ್ಲುವುದು. ಲೆಕ್ಕ ತಪ್ಪಿದ್ದರೆ ಅಳಿಸಿ ಮೊದಲಿನಿಂದ ಮಾಡುವ ಜಾಯಮಾನ ಅವಳದು. ಅತ್ತೂ ಕರೆದೂ ಮಾಡುವವಳಲ್ಲ. ಆ ಶಾಂತಿಯೇ ನನ್ನನ್ನು ಹೆದರಿಸಿತು. ನನ್ನ ಕೈಯಲ್ಲಿ ಉಳಿದದ್ದು ಒಂದೇ ದಿನ.

ಗುರುವಾರ ಬೆಳಿಗ್ಗೆ ಮನೆಯೆದುರಿನ ಹೊಂಗೆಮರದ ಕೆಳಗೆ ಕಾರು ನಿಲ್ಲಿಸಿ, ಅಮ್ಮನನ್ನು ಬಲವಂತವಾಗಿ ಅವಳ ಜಾಗದಲ್ಲಿ ಕೂರಿಸಿ, ನಾನು ಚಾಲಕಿಯ ಸೀಟಿನಲ್ಲಿ ಕುಳಿತು ಸಮರ ಆರಂಭಿಸಿದೆ. ಕೆಳಸ್ವರದ ಕಡ್ಡಿ ಇಳಿಸಿದೆ. "ಈಗ?" ಎಂದೆ. "ಬಕೆಟ್," ಎಂದಳು. ಮೇಲುಸ್ವರ ಏರಿಸಿದೆ. "ಈಗ?" "ಸ್ವಲ್ಪ ದೊಡ್ಡ ಬಕೆಟ್." ಕಂಪನಿಯವರೇ ಸಿದ್ಧಮಾಡಿಟ್ಟಿದ್ದ ಪಾಪ್, ರಾಕ್, ಕ್ಲಾಸಿಕಲ್ ಎಂಬ ಅಚ್ಚುಗಳಲ್ಲೆಲ್ಲ ಅಮ್ಮನ ಧ್ವನಿಯನ್ನು ಎರಕ ಹೊಯ್ದು ನೋಡಿದೆ. "ಈಗ?" "ಇದು ನೀರಿನ ಡ್ರಮ್ಮು. ಬಿಡೇ, ಸೊಪ್ಪು ಬಿಡಿಸೋದಿದೆ," ಎಂದು ಇಳಿದು ಹೋದಳು. ಅಚ್ಚರಿಯೆಂದರೆ ನನ್ನ ಕಿವಿಗೆ ಪ್ರತಿ ಸಲವೂ ಗಂಧರ್ವಲೋಕವೇ ಕೇಳಿಸುತ್ತಿತ್ತು. ಆದ್ದರಿಂದ ತರ್ಕ ಸ್ಪಷ್ಟವಾಗಿತ್ತು: ಅಂಗಡಿಯವನು ಕಾರಿನ ಹಿಂಭಾಗಕ್ಕೆ ಕಳಪೆ ಮಾಲು ತುಂಬಿದ್ದಾನೆ. ಮುಂಭಾಗವನ್ನು ಮೆರೆಸಿ ಹಿಂಭಾಗವನ್ನು ಕಡೆಗಣಿಸುವ ಈ ಚಾಳಿಯ ಇತಿಹಾಸವನ್ನೇ ಮೊದಲ ಪ್ಯಾರಾದಲ್ಲಿ ವಿವರಿಸಿ, ಒಂದೂವರೆ ಪುಟದ ದೂರು ಬರೆದೆ. ಮೂರು ಸಲ ತಿದ್ದಿದೆ. ಅಷ್ಟು ಒಳ್ಳೆಯ ಗದ್ಯವನ್ನು ನಾನು ಅನೇಕ ದಿನಗಳಿಂದ ಬರೆದಿರಲಿಲ್ಲ.

ಶುಕ್ರವಾರ ತರಗತಿಗೆ ಮೊದಲು ಅಮ್ಮನನ್ನು ಕೂರಿಸಿಕೊಂಡು ನೇರವಾಗಿ ನಾಯಂಡಹಳ್ಳಿಗೆ ಹೋದೆ. ಸ್ಟೀರಿಯೋ ಕೂರಿಸಿದ್ದ ಈರಣ್ಣ ಹಾವೇರಿ ಕಡೆಯವರು. ಯಾವುದೋ ಗಾಡಿಯ ಬಾಗಿಲು ಬಿಚ್ಚಿಕೊಂಡು ಕುಳಿತಿದ್ದರು. ನಾನು ದೂರನ್ನು ಗಟ್ಟಿಯಾಗಿ ಓದಲಾರಂಭಿಸಿದೆ. ಅವರು ಕೈ ಒರೆಸಿಕೊಳ್ಳುತ್ತ, ಹರಿಕಥೆಗೆ ಬಂದವರಂತೆ ತಾಳ್ಮೆಯಿಂದ ಕೇಳಿದರು.

"ಮುಗೀತೇನ್ರಿ ಮೇಡಂ?"

"ಇನ್ನೂ ಅರ್ಧ ಪುಟ ಇದೆ."

"ಅದನ್ನ ಇಟಗೊಂಡಿರ್ರಿ. ಮೊದಲ ನೀವು ಹಿಂದ ಹೋಗಿ ಅವ್ವಾರ ಬಾಜೂಕ ಕುಂದರ್ರಿ."

"ನಾನ್ಯಾಕೆ ಕೂರಬೇಕು? ತೊಂದರೆ ಇರೋದು ನಿಮ್ಮ ಪೆಟ್ಟಿಗೇಲಿ."

"ಕುಂದರ್ರಿ ಅಂದ್ರ. ಕಾರ ನಿಮ್ಮದ ಐತಿ."

ಕುಳಿತೆ. ಒಪ್ಪಿಕೊಳ್ಳಲೇಬೇಕು: ಆ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕುಳಿತದ್ದು ಅದೇ ಮೊದಲು. ಈರಣ್ಣ ನನ್ನ ಜಾಗದಲ್ಲಿ ಕುಳಿತು ಹಾಡು ಹಚ್ಚಿದರು. ಮುಂದಿನ ಸೀಟಿನ ಬೆನ್ನು ಹತ್ತಿ ಇಳಿದು, ದಣಿದು, ಅಮ್ಮನ ಧ್ವನಿ ನಮ್ಮ ಬಳಿಗೆ ಬಂತು. ಬಕೆಟ್. ಎಲ್ಲ ರೀತಿಯಿಂದಲೂ ಬಕೆಟ್.

ಈರಣ್ಣ ಪರದೆಯ ಮೇಲೆ ಏನೋ ಒತ್ತಿದರು. ಮೇಲಿನಿಂದ ನೋಡಿದಂತೆ ಬರೆದ ಕಾರಿನ ಚಿತ್ರವೊಂದು ತೆರೆದುಕೊಂಡಿತು. ನಾಲ್ಕು ಸೀಟು, ಒಂದು ಕೆಂಪು ಚುಕ್ಕಿ. ಚುಕ್ಕಿ ಚಾಲಕಿಯ ಸೀಟಿನ ಮೂಲೆಗೆ ಅಂಟಿಕೊಂಡಿತ್ತು. "ಈ ಚುಕ್ಕಿ ಎಲ್ಲಿ ಇರತೈತೋ ಅಲ್ಲೇ ಧ್ವನಿ ರೀ. ನಾಕು ಸ್ಪೀಕರ್ ಅದಾವ, ಮೂರು ಸುಮ್ಮನ ಕುಂತಾವ. ನಾ ಕೂಡಿಸಿ ಕೊಟ್ಟಾಗ ಇದು ನಟ್ಟನಡುವ ಇತ್ತು. ಯಾರ ಎಳದಾರ ಇದನ್ನ?"

ಯಾರು ಮಾಡಿದ್ದು ಎಂಬ ಪ್ರಶ್ನೆಯನ್ನು ನಾನು ಎಷ್ಟೋ ಮೇಜುಗಳ ಮುಂದೆ ನಿಂತು ಕೇಳಿದ್ದೇನೆ. ಅದು ಎದುರಿನಿಂದ ಬಂದಾಗ ಎಷ್ಟು ಉದ್ದವಾಗಿರುತ್ತದೆಂದು ಗೊತ್ತಿರಲಿಲ್ಲ. ತಲೆಯ ಮೇಲೆ ಮೆಟ್ರೋ ಹಾದುಹೋಯಿತು. "ಒಮ್ಮೊಮ್ಮೆ ಸಾಫ್ಟ್‌ವೇರ್ ತಾನಾಗೇ..." ಎಂದು ತೊಡಗಿದೆ.

"ನೀನೇ ಅಲ್ವೇನೇ? ಆ ಶನಿವಾರ ಊಟಕ್ಕೂ ಬರದೆ ಕಾರಲ್ಲೇ ಕೂತಿದ್ಯಲ್ಲ," ಎಂದಳು ಅಮ್ಮ.

"ನಾನೇ," ಎಂದೆ. ಆದರೂ ಸುಮ್ಮನಿರಲಾರದೆ ಕೇಳಿದೆ: "ಮತ್ತೆ ಒಂದು ತಿಂಗಳಿಂದ ನಾನು ಹಾಕಿದ ಹಾಡಿಗೆಲ್ಲ ತಲೆದೂಗ್ತಿದ್ಯಲ್ಲಮ್ಮ?"

"ನಾನೆಲ್ಲಿ ತೂಗ್ದೆ? ರಸ್ತೆ ತೂಗಿಸ್ತು."

ಈರಣ್ಣ ನಗದೆ ಇರಲು ಬಹಳ ಪ್ರಯತ್ನಪಟ್ಟರು. ಅದಕ್ಕಾಗಿ ನಾನು ಅವರಿಗೆ ಋಣಿ. ಚುಕ್ಕಿಯನ್ನು ನಡುವಿಗೆ ತಂದು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದರು. ನಾನು ಮನಸೋ ಇಚ್ಛೆ ಏರಿಸಿದ್ದ ಕಡ್ಡಿಗಳನ್ನೆಲ್ಲ ಸಮತಟ್ಟು ಮಾಡಿ, ಮನುಷ್ಯರ ಧ್ವನಿ ಇರುವುದು ನಡುವಿನಲ್ಲಿ ಎನ್ನುತ್ತ ಅಲ್ಲಿನ ಎರಡನ್ನು ಮಾತ್ರ ತುಸು ಎತ್ತಿದರು. ಫೋನಿನ ಸದ್ದನ್ನು ಮುಕ್ಕಾಲಿಗೂ ಮೇಲೆ, ಸ್ಟೀರಿಯೋ ಪೆಟ್ಟಿಗೆಯದನ್ನು ಅರ್ಧಕ್ಕಿಂತ ಕೆಳಗೆ ಇಟ್ಟರು. ಎರಡು ನಿಮಿಷದ ಕೆಲಸ. ಮತ್ತೆ ಹಾಡು ಹಚ್ಚಿದರು.

ಅಮ್ಮನ ಧ್ವನಿ ಕಾರಿನೊಳಗೆಲ್ಲ ಬೆಳಗಿನ ಬಿಸಿಲಿನಂತೆ ಹರಡಿತು. ಭುಜದ ಪಕ್ಕದ ಬಾಗಿಲಿನಿಂದ, ಬೆನ್ನ ಹಿಂದಿನಿಂದ, ಮುಂದಿನಿಂದ; ಪದಗಳು ಒಂದೊಂದಾಗಿ, ತೊಳೆದಿಟ್ಟ ಲೋಟಗಳಂತೆ. ನನಗೆ ಕುಣಿಯಬೇಕೆನ್ನಿಸಿತು, ಕಾರಿನ ಸೂರು ಅಡ್ಡವಾಯಿತು. ಅಮ್ಮ ಕಣ್ಣು ಮುಚ್ಚಿದಳು. ಹಾಡು ಮುಗಿದ ಮೇಲೂ ತೆರೆಯಲಿಲ್ಲ.

"ಎರಡನೇ ಚರಣದ ಕೊನೇಲಿ ಶ್ರುತಿ ಇಳಿದಿದೆ," ಎಂದಳು ಆಮೇಲೆ. "ಇನ್ನೊಂದ್ಸಲ ಹಾಕಿ ಈರಣ್ಣ."

ಇಷ್ಟೆಲ್ಲ ಮಾಡಿ ತಪ್ಪನ್ನೇ ಸ್ಪಷ್ಟವಾಗಿ ಕೇಳಿಸಿದೆವೇ? ಅವಳು ಮೂರು ಸಲ ಹಾಕಿಸಿ ಕೇಳಿದಳು. ಮೂರನೆಯ ಸಲ ಕೆಂಪು ಶಾಯಿಯ ಪೆನ್ನು ಹಿಡಿದವಳಂತೆ ಬೆರಳಾಡಿಸಿ, "ಇಲ್ಲಿ. ಉಸಿರು ಮೊದಲೇ ತಗೋಬೇಕು. ಇದು ತಿದ್ದಬಹುದು," ಎಂದಳು. ಪೂರ್ತಿ ಧ್ವನಿಯೇ ಕೆಟ್ಟಿದೆ ಎಂದಾಗ ಅಳಿಸಿಹಾಕಲು ಹೊರಟಿದ್ದವಳು, ತಪ್ಪಿದ್ದು ಒಂದು ಉಸಿರು ಎಂದು ಗೊತ್ತಾದ ಮೇಲೆ ಹಿಗ್ಗಿದ್ದಳು. ತರಗತಿಗೆ ಹೋದವಳು ಹಾಡನ್ನು ಬಿಟ್ಟುಕೊಡುವ ಮಾತೆತ್ತಲಿಲ್ಲ. ಅರ್ಧ ಗಂಟೆ ಹೆಚ್ಚು ಅಭ್ಯಾಸ ಮಾಡಿಸಿ ಎಂದು ಕೇಳಿದಳಂತೆ. ದೂರಿನ ಕೊನೆಯ ಅರ್ಧ ಪುಟವನ್ನು ಇಂದಿಗೂ ಯಾರೂ ಕೇಳಿಲ್ಲ.

ಭಾನುವಾರ ನಾನು ಒಂದು ಗಂಟೆ ಮೊದಲೇ ಸಭಾಂಗಣ ತಲುಪಿ ಮೊದಲ ಸಾಲಿನ ನಟ್ಟನಡುವಿನ ಕುರ್ಚಿ ಹಿಡಿದೆ. ಅಮ್ಮನ ಸರದಿ ಬರುವ ಹೊತ್ತಿಗೆ ಸಭೆ ತುಂಬಿ ಕೆಲವರು ಬಾಗಿಲ ಬಳಿ ನಿಂತಿದ್ದರು. ರೇಷ್ಮೆ ಸೀರೆಯುಟ್ಟು ಬಂದ ಅಮ್ಮ ಮೈಕಿನ ಮುಂದೆ ನಿಂತು, ಪಾಠ ಶುರುಮಾಡುವ ಮುನ್ನ ತರಗತಿಯನ್ನು ನೋಡುವಂತೆ ಸಭೆಯನ್ನು ನೋಡಿ, "ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ?" ಎಂದಳು.

"ತುಂಬ ಚೆನ್ನಾಗಿ ಕೇಳಿಸ್ತಿದೆ," ಎಂದು ನಾನು ಎದ್ದು ನಿಂತು ಹೇಳಿದೆ.

"ನಿನ್ನನ್ನಲ್ಲ ಕಣೇ ಕೇಳಿದ್ದು," ಎಂದಳು ಅಮ್ಮ, ಮೈಕಿನಲ್ಲಿ.

ಇಡೀ ಸಭೆ ನಕ್ಕಿತು. ನಗು ಇಳಿದ ಮೇಲೆ ಬಾಗಿಲ ಬಳಿಯಿಂದ ಹಿರಿಯರೊಬ್ಬರ ದನಿ ಬಂತು: "ಇಲ್ಲಮ್ಮ, ಸ್ವಲ್ಪ ಜೋರು ಮಾಡ್ಸಿ." ಮಾಡಿಸಿದಳು. ನಾನು ಕುಳಿತೆ. ಅಮ್ಮ ಉಸಿರು ತೆಗೆದುಕೊಂಡು ಹಾಡಿದಳು.