ಮೊದಲ ಸರ್ವಿಸ್ಸೂ ಮಾವನ ಅರ್ಧ ತಲೆಯೂ

ಕತ್ತರಿ ಹಿಡಿದ ಕೈಗೆ ಸ್ಪ್ಯಾನರ್ ಹಿಡಿಯುವುದು ಯಾವ ಮಹಾ ವಿದ್ಯೆ ಎಂದು ಸಲೂನ್ ಯಜಮಾನರು ಅಂಗಡಿಗೆ ರಜೆಯಿದ್ದ ಆ ಮಂಗಳವಾರ ಬೆಳಿಗ್ಗೆ ಘೋಷಿಸಿಬಿಟ್ಟರು. ಘೋಷಣೆ ಕೇಳಲು ಹಾಜರಿದ್ದ ಸಭಿಕರು ಒಬ್ಬರೇ, ಅವರ ಮಾವ. ಅವರಾದರೂ ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ. ಹಿತ್ತಿಲ ಕಡೆಯ ಜಗಲಿಯಲ್ಲಿ ಕತ್ತಿನ ಸುತ್ತ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ತಲೆಯ ಎಡಭಾಗದ ಕಟಿಂಗ್ ಮುಗಿದಿತ್ತು, ಬಲಭಾಗದ್ದು ಬಾಕಿಯಿತ್ತು.

ಘೋಷಣೆಗೆ ಕಾರಣವಾದ ವಸ್ತು ಎದುರಿಗೇ ನಿಂತಿತ್ತು. ಹೊಚ್ಚ ಹೊಸ ಕೆಂಪು ಮೋಟಾರ್ ಸೈಕಲ್ಲು. ಅದು ಯಜಮಾನರದ್ದಲ್ಲ, ಅವರ ಹೆಂಡತಿಯದ್ದು. ಆಕೆ ನರ್ಸು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ಬಿಚ್ಚಿ ಕಟ್ಟುವುದು, ಇಂಜೆಕ್ಷನ್ ಕೊಡುವುದು ಆಕೆಯ ಕೆಲಸ. ಬಸ್ಸಿಗೆ ಕಾದು ಕಾದು ಸಾಕಾಗಿ, ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ದುಡ್ಡಿನಲ್ಲಿ ಈ ಗಾಡಿ ಕೊಂಡಿದ್ದಳು. ಗಾಡಿ ಬಂದ ಮೇಲೆ ಆಕೆ ಮೆಟ್ಟಿಲಿಳಿಯುವ ಧಾಟಿಯೇ ಬದಲಾಗಿತ್ತು, ಮನೆಯಲ್ಲಿ ಹಾಡು ಗುನುಗುವುದೂ ಶುರುವಾಗಿತ್ತು. ಅದರ ಮೊದಲ ಸರ್ವಿಸ್ ಈ ಮಂಗಳವಾರ. ಡ್ಯೂಟಿಗೆ ಹೊರಡುವಾಗ ಆಕೆ ಮುಂಗೂದಲಿಗೆ ಪಿನ್ನು ಸಿಕ್ಕಿಸಿಕೊಳ್ಳುತ್ತ, ಕೀಲಿಯನ್ನೂ ದುಡ್ಡನ್ನೂ ಗಂಡನ ಕೈಗಿತ್ತಿದ್ದಳು.

"ರೀ, ಗಾಡೀನ ಡೀಲರ್ ಹತ್ರ ಬಿಟ್ಟು ಬನ್ನಿ. ನಾಳೆ ಬೆಳಿಗ್ಗೇನೇ ಊರಾಚೆ ಆ ಅಜ್ಜಿ ಮನೆಗೆ ಹೋಗ್ಬೇಕು, ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಇದೆ. ಆ ಕಡೆ ಬಸ್ಸೇ ಇಲ್ಲ. ಗಾಡಿ ಕೈಕೊಟ್ರೆ ನನ್ನ ಕಥೆ ಮುಗೀತು."

"ಆಯ್ತು ಕಣೇ."

"ನೀವು ಕೈ ಹಾಕೋಕೆ ಹೋಗ್ಬೇಡಿ."

"ನಾನ್ಯಾಕೆ ಕೈ ಹಾಕ್ಲಿ?"

"ನಿಮಗೆ ಸಮ ಮಾಡೋ ಚಟ ಇದೆಯಲ್ಲ, ಅದಕ್ಕೆ ಹೇಳಿದೆ."

ಈ ಚಟದ ವಿಷಯ ಸ್ವಲ್ಪ ಹೇಳಬೇಕು. ಯಜಮಾನರದು ಒಳ್ಳೆಯ ಕೈ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿವಿಯ ಮುಂದಿನ ಸೈಡ್‌ಲಾಕ್ ವಿಷಯಕ್ಕೆ ಬಂದರೆ ಅವರನ್ನು ಹಿಡಿಯುವವರಿಲ್ಲ. ಎಡಗಡೆ ಒಂದಿಷ್ಟು ತೆಗೆದು ಹಿಂದೆ ಸರಿದು ನೋಡುವರು. ಬಲಗಡೆಯದು ಉದ್ದ ಕಾಣಿಸುವುದು. ಬಲಗಡೆ ಒಂದಿಷ್ಟು ತೆಗೆದರೆ ಎಡಗಡೆಯದು ಉದ್ದ. ಹೀಗೆ ಎಡಬಲಗಳಿಗೆ ನ್ಯಾಯ ಒದಗಿಸುತ್ತ ಹೋಗಿ, ಕೊನೆಗೆ ಎರಡು ಕಡೆಯೂ ಏನೂ ಉಳಿಯದಿದ್ದಾಗ "ನೋಡಿ, ಈಗ ಸಮ ಆಯ್ತು" ಎಂದು ಕನ್ನಡಿ ಹಿಡಿಯುವರು.

ಇನ್ನೊಂದು ಸಂಗತಿ. ಅವರ ಅಂಗಡಿಯ ಗೋಡೆಯ ಮೇಲೆ ಒಂದು ಬೋರ್ಡಿದೆ. "ಮನೆಯಲ್ಲೇ ಕೈಯಾಡಿಸಿ ತಂದ ತಲೆಗೆ ಎರಡು ಪಟ್ಟು." ಫೋನಿನಲ್ಲಿ ವಿಡಿಯೋ ನೋಡಿ ಸ್ವಂತ ತಲೆಗೆ ತಾವೇ ಕತ್ತರಿ ಹಾಕಿಕೊಂಡು, ಆಮೇಲೆ ಟೋಪಿ ಹಾಕಿಕೊಂಡು ಓಡಿಬರುವ ವೀರರಿಗಾಗಿ ಬರೆಸಿದ್ದು. ಅಂಥ ತಲೆಯನ್ನು ಎದುರು ಫುಟ್‌ಪಾತಿನಿಂದಲೇ ಗುರುತು ಹಿಡಿಯುತ್ತೇನೆ ಎಂಬುದು ಯಜಮಾನರ ಹೆಮ್ಮೆ. ಎರಡು ಪಟ್ಟಿನ ಜೊತೆಗೆ ಒಂದು ಭಾಷಣವನ್ನೂ ಪುಕ್ಕಟೆಯಾಗಿ ಕೊಡುತ್ತಿದ್ದರು. ಕಾಯುತ್ತ ಕೂತ ಗಿರಾಕಿಗಳಿಗೆ ಅದು ಬಾಯಿಪಾಠವಾಗಿತ್ತು.

ಇಂಥವರು ಸ್ಪ್ಯಾನರ್ ಹಿಡಿಯಲು ಹೊರಟದ್ದೇಕೆ? ಮಾವನ ಎಡಭಾಗ ಮುಗಿಸಿ, ಎಷ್ಟು ಹೊತ್ತಿಗೆ ಗಾಡಿ ತರಬೇಕೆಂದು ಕೇಳಲು ಡೀಲರಿಗೆ ಫೋನ್ ಮಾಡಿದ್ದೇ ತಪ್ಪಾಯಿತು.

"ಫಸ್ಟ್ ಸರ್ವಿಸ್ ಫ್ರೀ ತಾನೇ?"

"ಫ್ರೀನೇ ಸಾರ್. ಆಯಿಲ್‌ಗೆ, ಕ್ಲೀನಿಂಗ್‌ಗೆ, ಚೈನ್ ಸ್ಪ್ರೇಗೆ ಮಾತ್ರ ದುಡ್ಡು," ಎಂದಿತು ಅತ್ತಲಿನ ಇಂಪಾದ ದನಿ.

"ಮತ್ತೆ ಫ್ರೀ ಯಾವುದಮ್ಮ?"

"ಲೇಬರ್ ಸಾರ್. ಕೈಕೆಲಸ ಫ್ರೀ."

ಯಜಮಾನರು ಫೋನನ್ನು ಕಿಟಕಿಯ ಮೇಲಿಟ್ಟು ಮಾವನ ಕಡೆ ತಿರುಗಿದರು. "ಕೇಳಿದ್ರಾ ಮಾವ? ಕೈಕೆಲಸ ಪುಕ್ಕಟೆಯಂತೆ, ಎಣ್ಣೆಗೆ ದುಡ್ಡಂತೆ. ನಾಳೆಯಿಂದ ನಾನೂ ಹಾಗೇ ಮಾಡ್ತೀನಿ. ಕಟಿಂಗ್ ಫ್ರೀ, ನೀರಿಗೆ ಪೌಡರಿಗೆ ದುಡ್ಡು ಕೊಡಿ ಅಂತೀನಿ. ಕೈಗೆ ಬೆಲೆ ಇಲ್ಲದ ಜಾಗಕ್ಕೆ ನಾನು ಗಾಡಿ ಕೊಡೋದಾ?"

ಮಾವ ನಿವೃತ್ತ ಟಿಕೆಟ್ ಕಲೆಕ್ಟರು. ಯಾರ ಮಾತನ್ನೂ ಹಿಂದೆಮುಂದೆ ತಿರುಗಿಸಿ ನೋಡದೆ ಒಪ್ಪಿದವರಲ್ಲ. "ಕೊಡ್ಬೇಡಿ ಅಳಿಯಂದ್ರೇ. ಆದ್ರೆ ನಿಮ್ಮ ಅಂಗಡೀಲಿ ಒಂದು ಬೋರ್ಡ್ ಇದೆಯಲ್ಲ?"

"ಅದು ತಲೆ ಮಾವ. ಇದು ಕಬ್ಬಿಣ. ಕಬ್ಬಿಣ ಅಲ್ಲಾಡಲ್ಲ, ಸೀನಲ್ಲ, ಮಧ್ಯದಲ್ಲಿ ಫೋನ್ ಬಂತು ಅಂತ ಏಳಲ್ಲ. ಆ ದುಡ್ಡಲ್ಲಿ ಅವಳಿಗೆ ಒಂದು ಒಳ್ಳೆ ಮಳೆಕೋಟು ತರ್ತೀನಿ. ಸಂಜೆ ಬಂದು ನೋಡ್ಲಿ, ಖುಷಿಯಾಗ್ತಾಳೆ."

ಹೆಂಡತಿಯನ್ನು ಖುಷಿಪಡಿಸುವ ಆಸೆ ನಿಜವಾದದ್ದೇ. ಅದನ್ನು ಅಲ್ಲಗಳೆಯುವಂತಿಲ್ಲ.

"ಹಾಗಾದ್ರೆ ನನ್ನ ಬಲಗಡೆ?"

"ಐದು ನಿಮಿಷ ಮಾವ."

ಯಜಮಾನರು ಇನ್ನೊಂದು ಬಿಳಿ ಬಟ್ಟೆ ತಂದು ಗಾಡಿಯ ಹ್ಯಾಂಡಲ್ಲಿನ ಸುತ್ತ ಕಟ್ಟಿದರು. ಅಭ್ಯಾಸ, ಏನು ಮಾಡುವುದು. "ಮೊದಲು ಟ್ರಿಮ್ಮಿಂಗು, ಆಮೇಲೆ ತೊಳೆಯೋದು, ಎಣ್ಣೆ ಕೊನೇಲಿ" ಎಂದು ಯೋಜನೆ ಹಾಕಿದರು. ಫೋನಿನಲ್ಲಿ ವಿಡಿಯೋ ಹಚ್ಚಿ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಚಕ್ರದ ಎಡಗಡೆ ಒಂದು ಬೋಲ್ಟು, ಬಲಗಡೆ ಒಂದು ಬೋಲ್ಟು. ಎರಡನ್ನೂ ತಿರುಗಿಸಿದರೆ ಚೈನು ಬಿಗಿಯಾಗುತ್ತದೆ ಎಂದ ವಿಡಿಯೋದವನು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. "ಎರಡೂ ಕಡೆ ಸಮ ಇರಬೇಕು" ಎಂದೂ ಸೇರಿಸಿಬಿಟ್ಟ.

ಯಾರ ಕಿವಿಗೆ ಯಾವ ಮಾತು ಬೀಳಬಾರದೋ ಅದೇ ಬಿತ್ತು. ಯಜಮಾನರ ಕಣ್ಣು ಅರಳಿತು. ವಿಡಿಯೋದವನು ಆಮೇಲೆ ಇನ್ನೂ ಏನೇನೋ ಹೇಳಿದ, ಇವರು ಕೇಳಿಸಿಕೊಳ್ಳಲಿಲ್ಲ. ಎಡಗಡೆಯ ಬೋಲ್ಟನ್ನು ಒಂದಿಷ್ಟು ತಿರುಗಿಸಿ, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದರು. ಬಲಗಡೆಯದು ಹಿಂದೆ ಬಿದ್ದಿತ್ತು. ಬಲಗಡೆ ತಿರುಗಿಸಿದರು. ಈಗ ಎಡಗಡೆಯದು ಹಿಂದೆ ಬಿತ್ತು.

"ಮಾವ, ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತೆ?"

ಮಾವ ಕುರ್ಚಿಯಿಂದೆದ್ದು ಬಂದು, ಬಗ್ಗಿ, ಕತ್ತಿನ ಬಟ್ಟೆಯನ್ನು ಒಮ್ಮೆ ಕೊಡವಿ ನೋಡಿದರು. "ಬಲಗಡೆ ಒಂದು ಕೂದಲೆಳೆಯಷ್ಟು ಕಮ್ಮಿ," ಎಂದರು. ಅಳಿಯ ಮಾವ ಇಬ್ಬರೂ ಸೇರಿದ ಮೇಲೆ ಕೇಳಬೇಕೆ? ಬೋಲ್ಟು ಬಿಗಿಯಾಗುತ್ತ ಬಂದ ಹಾಗೆ ಸ್ಪ್ಯಾನರ್ ಜಾರತೊಡಗಿತು. ಯಜಮಾನರು ಇಕ್ಕಳ ತಂದರು. ಇಕ್ಕಳಕ್ಕೆ ಬೋಲ್ಟಿನ ತಲೆ ಸವೆದು ದುಂಡಗಾಯಿತು. ಅಂತೂ ಎರಡೂ ಕಡೆ ಸಮವಾಯಿತು. ಕಟಿಂಗ್ ಮಿಷಿನ್ನಿಗೆ ಬಿಡುವ ಎಣ್ಣೆಯನ್ನು ಚೈನಿಗೆ ಧಾರಾಳವಾಗಿ ಬಿಟ್ಟು, ಸೀಟಿಗೆ ಬ್ರಷ್ಷಿನಿಂದ ಪೌಡರ್ ಹೊಡೆದು, ಯಜಮಾನರು ಗಾಡಿಯ ಮಿರರನ್ನು ತಿರುಗಿಸಿ ಹಿಂಭಾಗವನ್ನು ಗಾಡಿಗೇ ತೋರಿಸಿದರು.

ಆಮೇಲೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ಮುಂದಕ್ಕೆ ತಳ್ಳಿದರು. ಅದು ನರಳಿತು. ಚೈನು ತಂತಿಯಂತೆ ಬಿಗಿದುಕೊಂಡಿತ್ತು, ಹಿಂದಿನ ಚಕ್ರ ಹಟ ಹಿಡಿದು ಗೇಣು ಗೇಣಾಗಿ ಮಾತ್ರ ಉರುಳುತ್ತಿತ್ತು. ಸಡಿಲ ಮಾಡೋಣವೆಂದರೆ ದುಂಡಗಾದ ಬೋಲ್ಟು ಯಾವ ಆಯುಧಕ್ಕೂ ಸಿಕ್ಕಲಿಲ್ಲ. ಊರಾಚೆಯ ಅಜ್ಜಿ, ಅಜ್ಜಿಯ ಕಾಲು, ಕಾಲಿನ ಗಾಯ ಒಂದಾದ ಮೇಲೊಂದು ಯಜಮಾನರ ಕಣ್ಣ ಮುಂದೆ ಬಂದವು. ಕೊನೆಯಲ್ಲಿ ಹೆಂಡತಿ ಬಂದು ನಿಂತಳು.

"ಮಾವ, ಬನ್ನಿ, ತಳ್ಳೋಣ. ಅವಳು ಬರೋ ಹೊತ್ತಿಗೆ ಡೀಲರ್ ಹತ್ರ ಸರಿ ಮಾಡಿಸ್ಕೊಂಡು ಬಂದ್ಬಿಡೋಣ."

"ಈ ತಲೇಲಾ? ನನ್ನನ್ನ ಹಾಫ್ ಟಿಕೆಟ್ ಮಾಡಿ ಬೀದಿಗೆ ಕರ್ಕೊಂಡು ಹೋಗ್ತೀರಾ?"

"ದಮ್ಮಯ್ಯ ಮಾವ."

ಹೀಗೆ ಮೆರವಣಿಗೆ ಹೊರಟಿತು. ಎಡ ಫುಟ್‌ಪಾತಿನವರಿಗೆ ನೀಟಾಗಿ ಕೂದಲು ಕತ್ತರಿಸಿಕೊಂಡ ಹಿರಿಯರೊಬ್ಬರು ಗಾಡಿ ತಳ್ಳುವುದು ಕಾಣಿಸಿತು. ಅವರು ಪಾಪ ಎಂದುಕೊಂಡರು. ಬಲ ಫುಟ್‌ಪಾತಿನವರಿಗೆ ಕಾಣಿಸಿದ್ದೇ ಬೇರೆ, ಅವರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಮಾವ ಎರಡು ಕಡೆಗೂ ಗಂಭೀರವಾಗಿ ತಲೆಯಾಡಿಸುತ್ತ ನಡೆದರು.

ಡೀಲರಿನ ಸರ್ವಿಸ್ ಶೆಡ್ಡಿನಲ್ಲಿ ಟೋಪಿ ಹಾಕಿದ ಮೆಕ್ಯಾನಿಕ್ ಒಬ್ಬ ಎದುರಾದ. ಚಕ್ರವನ್ನೊಮ್ಮೆ, ಚೈನನ್ನೊಮ್ಮೆ ಮುಟ್ಟಿ ನೋಡಿದ.

"ಇದಕ್ಕೆ ಯಾರು ಕೈ ಹಾಕಿದ್ದು ಸಾರ್?"

"ಯಾರೋ ರಸ್ತೆ ಬದಿಯವನು. ಬೇಡ ಬೇಡ ಅಂದ್ರೂ ಕೇಳ್ಲಿಲ್ಲ," ಎಂದರು ಯಜಮಾನರು ಕಣ್ಣು ಮಿಟುಕಿಸದೆ.

ಮೆಕ್ಯಾನಿಕ್ ಸೀಟಿನ ಮೇಲೆ ಮೂಗಿಟ್ಟು ಮೂಸಿದ. ಪೌಡರ್ ವಾಸನೆ. ಆಮೇಲೆ ಬಗ್ಗಿ, ಚೈನಿನ ಎಣ್ಣೆಗೆ ಅಂಟಿಕೊಂಡಿದ್ದ ಏನನ್ನೋ ಎರಡು ಬೆರಳಲ್ಲಿ ಹಿಡಿದೆತ್ತಿದ. ಬಿಳಿ ಕೂದಲು. ಒಂದಲ್ಲ, ಚೈನಿನುದ್ದಕ್ಕೂ ಇತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿ, ನಿಧಾನವಾಗಿ ಮಾವನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಎಡಗಡೆ ನಿಂತು ನೋಡಿದ. ಬಲಗಡೆ ನಿಂತು ನೋಡಿದ.

"ರಸ್ತೆ ಬದಿಯವನು ಇವರಿಗೂ ಕೈ ಹಾಕಿದ್ನಾ ಸಾರ್?"

"ಇಲ್ಲಪ್ಪ," ಎಂದರು ಮಾವ. "ಎರಡೂ ಒಂದೇ ಕೈ." ನಲವತ್ತು ವರ್ಷ ಜನರ ಸುಳ್ಳು ಹಿಡಿದವರು, ತಾವು ಹೇಳುವವರಲ್ಲ.

ಮೆಕ್ಯಾನಿಕ್ ಟೋಪಿ ತೆಗೆದ. ಅವನ ತಲೆಯ ಮೇಲೆ ಬೇರೆಬೇರೆ ವಯಸ್ಸಿನ ಕೂದಲು ಬೆಳೆಯುತ್ತಿತ್ತು. "ನೆನಪಾಯ್ತಾ ಸಾರ್? ಹೋದ ತಿಂಗಳು ನಾನೇ ಕತ್ತರಿಸ್ಕೊಂಡು ನಿಮ್ಮ ಅಂಗಡಿಗೆ ಬಂದಿದ್ದೆ. ಹತ್ತು ಜನದ ಮುಂದೆ ಏನಂದ್ರಿ? 'ಕೈ ಇದ್ದ ಮಾತ್ರಕ್ಕೆ ಕೆಲಸ ಬರುತ್ತೇನಪ್ಪ? ನನಗೆ ಕಲಿಯೋಕೆ ವರ್ಷಗಟ್ಟಲೆ ಬೇಕಾಯ್ತು, ನಿನಗೆ ಒಂದು ವಿಡಿಯೋ ಸಾಕಾಯ್ತಾ? ಇನ್ಮೇಲೆ ಇಂಥ ಕೆಲಸ ಮಾಡ್ತೀಯಾ?'"

ಭಾಷಣದಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಇರಲಿಲ್ಲ. ಸುತ್ತಲಿನ ಮೆಕ್ಯಾನಿಕ್ಕುಗಳೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. "ಮಾಡಲ್ಲ" ಎಂದರು ಯಜಮಾನರು, ನೆಲ ನೋಡುತ್ತ.

"ಚೈನು ಅಂದ್ರೆ ಸ್ವಲ್ಪ ಸಡಿಲ ಇರ್ಬೇಕು ಸಾರ್. ಪೂರ್ತಿ ಬಿಗಿದ್ರೆ ಗಾಡಿ ಓಡಲ್ಲ. ಪುಣ್ಯಕ್ಕೆ ನೀವು ಓಡಿಸ್ಲಿಲ್ಲ. ಬೋಲ್ಟು ಬದಲಾಯಿಸಿ ಸರಿ ಮಾಡ್ಕೊಡ್ತೀನಿ. ದುಡ್ಡು ಮಾತ್ರ ಎರಡು ಪಟ್ಟು."

"ಎರಡು ಪಟ್ಟಾ? ಇದು ಯಾವ ಊರಿನ ಲೆಕ್ಕ?"

"ನಿಮ್ಮ ಬೋರ್ಡಿನ ಲೆಕ್ಕ."

ಯಜಮಾನರ ಜೇಬಿನಲ್ಲಿದ್ದದ್ದು ಒಂದು ಪಟ್ಟು ಮಾತ್ರ. ಜೇಬು ತಡಕಾಡುತ್ತಿರುವಾಗ ಬಾಗಿಲಲ್ಲಿ ಯಾರೋ ಬಂದು ನಿಂತರು. ನರ್ಸಿನ ಸಮವಸ್ತ್ರ, ಹೆಗಲಲ್ಲಿ ಚೀಲ. ಮಗಳಿಗೆ ಮೊದಲೇ ಸುದ್ದಿ ಮುಟ್ಟಿಸಿದ್ದ ಮಾವ ತಣ್ಣಗೆ ಫೋನನ್ನು ಜೇಬಿಗಿಳಿಸಿದರು.

ಆಕೆ ಗಾಡಿ ನೋಡಿದಳು, ಅಪ್ಪನ ತಲೆ ನೋಡಿದಳು, ಗಂಡನನ್ನು ನೋಡಲಿಲ್ಲ. "ನಾಳೆ ಬೆಳಿಗ್ಗೆ ಗಾಡಿ ಸಿಗುತ್ತಾ?" ಎಂದು ಮೆಕ್ಯಾನಿಕ್ಕನ್ನು ಕೇಳಿದಳು.

"ಇವತ್ತೇ ಕೊಡ್ತೀನಿ ಅಕ್ಕ."

ಆಗ ಆಕೆಯ ಮುಖ ಸಡಿಲಾಯಿತು. ಅಪ್ಪನ ಬಲಗಡೆಯನ್ನು ಇನ್ನೊಮ್ಮೆ ನೋಡಿದವಳು ನಗು ತಡೆಯಲಾರದೆ ಕಂಬ ಹಿಡಿದು ನಿಂತಳು. ನಕ್ಕು ನಕ್ಕು ಮುಂಗೂದಲಿನ ಪಿನ್ನು ಜಾರಿ ಬಿತ್ತು. ಮೆಕ್ಯಾನಿಕ್ ಅದನ್ನು ಎತ್ತಿಕೊಡುತ್ತ ಆಕೆಯ ಹಣೆಯನ್ನೇ ನೋಡಿದ.

"ಅಕ್ಕ, ತಪ್ಪು ತಿಳೀಬೇಡಿ. ಮುಂದಿನ ಕೂದಲು ನೀವೇ ಕತ್ತರಿಸ್ಕೊಂಡ್ರಾ? ಅನುಭವ ಇರೋದ್ರಿಂದ ಗುರ್ತು ಸಿಕ್ತು."

"ಹೂಂ ಕಣಪ್ಪ. ಬ್ಯಾಂಡೇಜ್ ಕತ್ತರೀಲಿ. ತುಂಬಾ ದಿನದಿಂದ ನಾನೇ."

ಯಜಮಾನರು ಬೆಚ್ಚಿದರು. "ನನಗ್ಯಾಕೆ ಹೇಳ್ಲಿಲ್ಲ?"

"ಪ್ರತಿ ಮಂಗಳವಾರ ಹೇಳ್ದೆ. ಅಪ್ಪಂದು ಆದ ಮೇಲೆ ಅಂದ್ರಿ, ನಾಳೆ ಅಂಗಡಿ ಆದ ಮೇಲೆ ಅಂದ್ರಿ. ಎದುರು ಫುಟ್‌ಪಾತಿಂದ ಗುರ್ತು ಹಿಡಿಯೋರು ನೀವು. ಎದುರಿಗೆ ಊಟಕ್ಕೆ ಕೂತವಳದ್ದು ಕಾಣ್ಲಿಲ್ಲ."

ಯಜಮಾನರಿಗೆ ಎರಡು ಪಟ್ಟು ಕೇಳಿದಾಗಲೂ ಆಗದ ನೋವು ಈಗ ಆಯಿತು. ನಾಚಿಕೆಯೂ ಆಯಿತು. ಒಂದು ಸ್ಟೂಲು ಎಳೆದು, ಕೈಗೆ ಅಂಟಿದ್ದ ಎಣ್ಣೆ ತೊಳೆದು ಬಂದು, ಎದೆಜೇಬಿನಿಂದ ಕತ್ತರಿ ಬಾಚಣಿಗೆ ತೆಗೆದರು.

"ನಾನು ಮೊದಲು ಹತ್ತಿದವನು," ಎಂದು ಮಾವ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರ ಬಲಭಾಗ ಮುಗಿಯಿತು. ಆಮೇಲೆ ಹೆಂಡತಿ ಕೂತಳು. ಅತ್ತ ಗಾಡಿಯ ಕೆಲಸ, ಇತ್ತ ಆಕೆಯ ಮುಂಗೂದಲಿನ ಕೆಲಸ. ಯಜಮಾನರ ಕೈ ಅಷ್ಟು ಮೃದುವಾಗಿ ಓಡಿದ್ದನ್ನು ಅಂಗಡಿಯಲ್ಲೂ ಯಾರೂ ನೋಡಿರಲಿಲ್ಲ. ಹಣೆಯ ಎಡಗಡೆ ಒಂದಿಷ್ಟು ತೆಗೆದರು, ಬಲಗಡೆ ಒಂದಿಷ್ಟು ತೆಗೆದರು. ಚೆನ್ನಾಗಿ ಬಂದಿತ್ತು. ಹಿಂದೆ ಸರಿದರು. ಒಂದು ಕಣ್ಣು ಮುಚ್ಚಿದರು. ಕತ್ತರಿ ಮತ್ತೆ ಎಡಕ್ಕೆ ಹೊರಟಿತು.

"ಸಾರ್," ಎಂದ ಮೆಕ್ಯಾನಿಕ್, ಚೈನಿನಿಂದ ತಲೆಯೆತ್ತದೆ, "ಸಾಕು. ಸ್ವಲ್ಪ ಸಡಿಲ ಇರ್ಲಿ."